ತೊಡೆ ಒಡೆಯನಿಗೆ, ಕೆನ್ನೆ ಒಕ್ಕಲಿಗೆ

ಹಂದಿಮಾಂಸ ಹಾಕಿದ ಪಾಸ್ತಾ ಈಗ ಉಳ್ಳವರ ನಾಜೂಕಿನ ಊಟ. ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಅದಕ್ಕೆ ಇಟಲಿಯ ಹೆಸರು, ಎದುರಿಗೆ ದುಬಾರಿ ಬೆಲೆ. ಮೊನ್ನೆ ನಾವು ನಾಲ್ಕು ಜನ ಗೆಳೆಯರು ಬಾಡಿಗೆ ಕೋಣೆಯಲ್ಲಿ ಅದನ್ನೇ ಬೇಯಿಸಿಕೊಂಡು ಉಂಡೆವು. ಹಂದಿ ತಿನ್ನೋರು ಅಂತ ಅನ್ನಿಸಿಕೊಂಡು, ಕಿಟಕಿ ಮುಚ್ಚಿ ಬೇಯಿಸಿ ಬೆಳೆದವರು ನಾವು. ಅದೇ ಹಂದಿ ಅಲ್ಲಿ ದೊಡ್ಡವರ ಮೇಜು ಹತ್ತಿದ್ದು ಹೇಗೆ ಅಂತ ಹುಡುಕುತ್ತಾ ಹೋದೆವು. ಸಿಕ್ಕಿದ್ದು ಅಡುಗೆಯ ಕಥೆಯಲ್ಲ, ಪಾಲಿನ ಕಥೆ.

ಇಟಲಿಯ ನಡುನಾಡು ತೊಸ್ಕಾನಾ, ಉಂಬ್ರಿಯಾ, ಮಾರ್ಕೆ. ಅಲ್ಲಿ ಶತಮಾನಗಳ ಕಾಲ ನಡೆದ ಪದ್ಧತಿಗೆ ಮೆದ್ಜಾದ್ರಿಯಾ ಅಂತ ಹೆಸರು. ನಮ್ಮ ಕಡೆ ವಾರಕ್ಕೆ ಮಾಡೋದು ಅಂತಾರಲ್ಲ, ಅಂಥದ್ದೇ. ಭೂಮಿ ಒಡೆಯನದು, ಬೆವರು ಒಕ್ಕಲಿನದು, ಬೆಳೆ ಅರ್ಧರ್ಧ. ಆ ಅರ್ಧದ ಮೇಲೆ ಹಬ್ಬಕ್ಕೆ ಕೋಳಿ, ಮೊಟ್ಟೆ ಕಾಣಿಕೆ ಬೇರೆ. ಚಳಿಗಾಲ ಬಂದರೆ ಹಂದಿ ಕುಯ್ಯೋ ಕಾಲ. ನೋರ್ಚಾ ಊರಿನ ಕಸುಬುದಾರರು ಎಷ್ಟು ಹೆಸರುವಾಸಿ ಅಂದರೆ, ಹಂದಿ ಕುಯ್ದು ಹದ ಮಾಡುವವನಿಗೆ ನೋರ್ಚಿನೊ ಅಂತಲೇ ಹೆಸರು ನಿಂತಿತು. ಹಂದಿಯಲ್ಲಿ ಎಸೆಯೋದು ಏನೂ ಇಲ್ಲ ಅನ್ನೋದು ಅಲ್ಲಿನ ಗಾದೆ. ಗಾದೆ ಪಾಲಿನ ಲೆಕ್ಕ ಹೇಳೋದಿಲ್ಲ. ಉಪ್ಪು ಸವರಿ ಒಣಗಿಸಿದ ತೊಡೆ ಬೆಲೆಬಾಳುವ ಮಾಲು. ಬಹಳ ಕಡೆ ಅದು ಒಡೆಯನ ಮನೆಗೋ ಸಂತೆಗೋ ಹೋಗೋದು. ರಕ್ತ, ಚರ್ಮ, ಕೊಬ್ಬು, ಕೆನ್ನೆ ಸಾಕಿದವರಿಗೆ ಉಳಿಯೋದು.

ಉತ್ತರದ ವೆನೆತೊ, ಲೊಂಬಾರ್ದಿಯಾಗಳ ಬಡವರಿಗೆ ಅದೂ ಅಪರೂಪ. ದಿನಾ ಮುಸುಕಿನ ಜೋಳದ ಹಿಟ್ಟು ಕುದಿಸಿದ ಪೊಲೆಂತಾ, ಅದು ಬಿಟ್ರೆ ಇನ್ನೊಂದಿಲ್ಲ. ಚರ್ಮ ಬಿರಿಯಿತು, ಭೇದಿ ಹತ್ತಿತು, ಕೊನೆಗೆ ಬುದ್ಧಿ ಕೆಟ್ಟಿತು. ಆ ರೋಗದ ಹೆಸರು ಪೆಲ್ಲಾಗ್ರಾ. 1881ರ ಎಣಿಕೆಯಲ್ಲಿ ಲಕ್ಷಕ್ಕೂ ಹೆಚ್ಚು ಜನ ರೋಗಿಗಳು. ಚೆಸರೆ ಲೊಂಬ್ರೊಸೊ ಎಂಬ ಪಂಡಿತ, ಕೆಟ್ಟ ಜೋಳದ ವಿಷವೇ ಕಾರಣ ಅಂತ ವಾದಿಸಿದ. ತಪ್ಪು ಜೋಳದ್ದಾಯಿತು, ಜೋಳ ಬಿಟ್ಟು ಬೇರೇನೂ ಸಿಗದಂತೆ ಮಾಡಿದವರದ್ದಾಗಲಿಲ್ಲ! ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಇದು ಬರುತ್ತೆ ಅಂತ ವಿಜ್ಞಾನ ಖಚಿತ ಮಾಡಿಕೊಂಡದ್ದು 1937ರ ಹೊತ್ತಿಗೆ. ಹಂದಿಮಾಂಸದಲ್ಲಿ ಅದು ಬೇಕಾದಷ್ಟಿದೆ. ತಟ್ಟೆಗೆ ನಾಲ್ಕು ತುಂಡು ಬಿದ್ದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು.

ಅದೇ ಕಾಲದಲ್ಲಿ, 1891ರಲ್ಲಿ, ಪೆಲ್ಲೆಗ್ರೀನೊ ಆರ್ತೂಸಿ ಎಂಬ ಶ್ರೀಮಂತ ವ್ಯಾಪಾರಿ ಫ್ಲಾರೆನ್ಸಿನಲ್ಲಿ ಸ್ವಂತ ದುಡ್ಡಿನಿಂದ ಅಡುಗೆ ಪುಸ್ತಕ ಅಚ್ಚು ಹಾಕಿಸಿದ. ಹಂದಿಮಾಂಸ ತುಂಬಿದ ಪುಟಾಣಿ ಪಾಸ್ತಾ ತೊರ್ತೆಲ್ಲೀನಿ ಅದರಲ್ಲಿದೆ. ಮಧ್ಯಮ ವರ್ಗದ ಅಡುಗೆಮನೆಗಳಿಗೆ ಅದು ದಾರಿದೀಪವಾಯಿತು. ಒಂದೇ ದೇಶ, ಒಂದೇ ದಶಕ. ಒಬ್ಬರಿಗೆ ರುಚಿಯ ಶಾಸ್ತ್ರ, ಇನ್ನೊಬ್ಬರಿಗೆ ಹುಚ್ಚಾಸ್ಪತ್ರೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಒಕ್ಕಲುಗಳು ಸಂಘ ಕಟ್ಟಿ ಕಾದಾಡಿದರು. ಅವರ ಪಾಲು ನೂರಕ್ಕೆ 50 ಇದ್ದದ್ದು 53 ಆಯಿತು. ಬರೀ ಮೂರಕ್ಕೆ ಅಷ್ಟು ಹೋರಾಟ! 1964ರ ಕಾನೂನು ಅದನ್ನು 58ಕ್ಕೆ ಏರಿಸಿ, ಹೊಸ ಕರಾರುಗಳನ್ನು ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ಮಕ್ಕಳು ಕಾರ್ಖಾನೆಯ ಊರುಗಳಿಗೆ ಗುಳೆ ಹೋಗಿಯಾಗಿತ್ತು. ಹಸಿವು ಹಳತಾದ ಮೇಲೆ ಹಸಿದವರ ಅಡುಗೆ ನಾಜೂಕಾಯಿತು. ಒಕ್ಕಲಿಗೆ ಉಳಿದ ಕೆನ್ನೆಗೆ ಇವತ್ತು ಗ್ವಾಂಚಾಲೆ ಅಂತ ದೊಡ್ಡ ಹೆಸರು. ಅಮಾತ್ರಿಚೆ ಎಂಬ ಬೆಟ್ಟದೂರಿನ ಅಡುಗೆಗೆ ಅದೇ ಜೀವ.

ನಮಗೆ ಕೆನ್ನೆ ಸಿಗಲಿಲ್ಲ. ಕೊಬ್ಬಿರುವ ಹೊಟ್ಟೆಯ ಮಾಂಸ ತಂದೆವು. ಎಣ್ಣೆ ಹಾಕದೆ, ತಣ್ಣನೆ ಬಾಣಲೆಯಲ್ಲಿಟ್ಟು ಸಣ್ಣ ಉರಿ ಕೊಟ್ಟರೆ ಕೊಬ್ಬು ತಾನೇ ಕರಗಿ ಬರುತ್ತೆ. ಮಾಂಸ ಕೆಂಪಗೆ ಬೆಂದ ಮೇಲೆ ಟೊಮೆಟೊ ಹಾಕಬೇಕು. ಪಾಸ್ತಾ ಒಂಚೂರು ಗಟ್ಟಿ ಇರುವಾಗಲೇ ತೆಗೆದು, ಬೆಂದ ನೀರಿನ ಸಮೇತ ಬಾಣಲೆಗೆ ಸುರಿದು ಕಲಸಬೇಕು. ಮೇಲೆ ಕುರಿಹಾಲಿನ ಚೀಸು. ಅದೂ ಸಿಗಲಿಲ್ಲ, ಸಿಕ್ಕಿದ್ದು ತುರಿದೆವು.

ಕೊಬ್ಬಿನ ವಾಸನೆ ಬೀದಿಗೆಲ್ಲ ಹೋಯಿತು. ಈ ಸಲ ಕಿಟಕಿ ಮುಚ್ಚಲಿಲ್ಲ.