ಶಾಸನಪಾಠ ಮತ್ತು ಸಂಶೋಧಕನ ಋಣ

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಕಿರಿದಾದ ಪ್ರಾಕೃತ ಶಾಸನವಿದೆ. ಮೈಸೂರು ಪುರಾತತ್ತ್ವ ಇಲಾಖೆಯ 1929ನೆಯ ಸಾಲಿನ ವರದಿಯಲ್ಲಿ ಅದನ್ನು ಪ್ರಕಟಿಸಿದ ಎಂ. ಎಚ್. ಕೃಷ್ಣ ಅವರು, ಕೆರೆಯ ನಿರ್ಮಾಣದೊಂದಿಗೆ ತ್ರೈಕೂಟ, ಆಭೀರ, ಪಲ್ಲವ ಮೊದಲಾದವರ ಮೇಲಿನ ವಿಜಯವನ್ನೂ ಅದರಲ್ಲಿ ಓದಿದರು. ಸವೆದ ಅಕ್ಷರಗಳ ಈ ಪಾಠವನ್ನು ಅನಂತರದ ವಿದ್ವಾಂಸರು ಪ್ರಶ್ನಿಸಿದರು. ಚಿತ್ರದುರ್ಗದ ಸಂಶೋಧಕ ಬಿ. ರಾಜಶೇಖರಪ್ಪ ಅವರು ಮರುಪರಿಶೀಲಿಸಿ ಬೇರೆಯೇ ಪಾಠವನ್ನು ಮುಂದಿಟ್ಟರು.

ಕೃಷ್ಣ ಅವರನ್ನು ಹೆಸರಿಸದೆ ಆ ವಿಜಯಪಟ್ಟಿಯನ್ನು ನಕಲಿಸಿದರೆ, ಒಬ್ಬ ವಿದ್ವಾಂಸರ ಓದು ಕಲ್ಲಿನ ಮಾತೇ ಆಗಿಬಿಡುತ್ತದೆ. ಪರಶ್ರಮದ ಅಪಹರಣದೊಂದಿಗೆ ಪಾಠದೋಷದ ಜಾಡೂ ಅಳಿಯುತ್ತದೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಸನಗಳಿಗೂ ಇದೇ ನ್ಯಾಯ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟ ಅವುಗಳಿಗೆ ತಾಲ್ಲೂಕುವಾರು ಸಂಖ್ಯೆ ನೀಡಿದೆ. ಆ ಸಂಖ್ಯೆಯೊಡನೆ ಸಂಪಾದಕರನ್ನೂ ಹೆಸರಿಸಿದಾಗ ಮಾತ್ರ, ಮುಂದಿನ ಸಂಶೋಧಕನಿಗೆ ಪಾಠದಿಂದ ಮರಳಿ ಕಲ್ಲಿನವರೆಗೆ ಹೋಗುವ ದಾರಿ ಉಳಿಯುತ್ತದೆ.