ನಿಸ್ತಂತು ಜಾಲಗಳಲ್ಲಿ ಶಕ್ತಿಯ ಮಿತವ್ಯಯ: ಮಾರ್ಗನಿರ್ಣಯದ ಚಾರಿತ್ರಿಕ ನೆಲೆಗಳು

ಸ್ಥಿರ ಗೋಪುರಗಳ ಆಸರೆಯಿಲ್ಲದೆ ಸಾಧನಗಳೇ ಪರಸ್ಪರ ಸಂದೇಶ ದಾಟಿಸುವ ನಿಸ್ತಂತು ಜಾಲಗಳ ಮೂಲವು ಅಮೆರಿಕದ ರಕ್ಷಣಾ ಇಲಾಖೆ 1970ರ ದಶಕದಲ್ಲಿ ನಡೆಸಿದ ಪ್ಯಾಕೆಟ್ ರೇಡಿಯೋ ಪ್ರಯೋಗಗಳಲ್ಲಿದೆ. ಆರಂಭದ ಮಾರ್ಗನಿರ್ಣಯ ವಿಧಾನಗಳು ಅತಿ ಕಡಿಮೆ ಮಜಲುಗಳ ಹಾದಿಯನ್ನೇ ಶ್ರೇಷ್ಠವೆಂದು ಬಗೆದವು. ಬ್ಯಾಟರಿಚಾಲಿತ ಜಾಲಗಳಲ್ಲಿ ಇದು ತೊಡಕಾಯಿತು: ನಡುವಿನ ಕೆಲವೇ ಸಾಧನಗಳು ಅನ್ಯರ ಸಂದೇಶಗಳನ್ನು ಹೊತ್ತು ಬೇಗನೆ ಬರಿದಾದರೆ ಜಾಲವೇ ಇಬ್ಭಾಗವಾಗುತ್ತದೆ. 1998ರಲ್ಲಿ ಸುರೇಶ್ ಸಿಂಗ್, ಮೈಕ್ ವೂ ಹಾಗೂ ಸಿ.ಎಸ್. ರಾಘವೇಂದ್ರ ಅವರು ವ್ಯಯವಾಗುವ ಶಕ್ತಿಯನ್ನೂ ಬ್ಯಾಟರಿಯಲ್ಲಿ ಉಳಿದ ಬಲವನ್ನೂ ಲೆಕ್ಕಕ್ಕೆ ತರುವ ಐದು ಮಾನದಂಡಗಳನ್ನು ಮಂಡಿಸಿದರು. 2000ದಲ್ಲಿ ಹೈನ್ಜೆಲ್‌ಮನ್, ಚಂದ್ರಕಾಸನ್ ಮತ್ತು ಬಾಲಕೃಷ್ಣನ್ ಪ್ರಕಟಿಸಿದ ‘ಲೀಚ್’ ವಿಧಾನವು ಸಂವೇದಕ ಜಾಲಗಳಲ್ಲಿ ಗುಂಪಿನ ಮುಂದಾಳ್ತನವನ್ನು ಸರದಿಗೆ ಒಳಪಡಿಸಿತು. ಮಿತವ್ಯಯವೆಂದರೆ ಒಟ್ಟು ಖರ್ಚನ್ನು ತಗ್ಗಿಸುವುದಷ್ಟೇ ಅಲ್ಲ, ಹೊರೆಯನ್ನು ಹಂಚುವುದೂ ಹೌದೆಂಬ ತಿಳಿವು ಹೀಗೆ ನೆಲೆಗೊಂಡಿತು.