ಇದ್ದಿಲ ಬಸ್ಸು, ಹೈಬ್ರಿಡ್ ಕಾರು ಮತ್ತು ನಮ್ಮ ಬಡಾವಣೆಯ ದಿಣ್ಣೆ

"ಹದಿನಾಲ್ಕು ಪಾಯಿಂಟ್ ಎಂಟು" ಅಂದ್ರು ಅಪ್ಪ. ಪೆಟ್ರೋಲ್ ಬಂಕಿನಿಂದ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಲೆಕ್ಕದ ಪುಸ್ತಕ ತೆಗೆದು ಬರೆದುಕೊಂಡು, ಕನ್ನಡಕದ ಮೇಲಿಂದ ನನ್ನನ್ನ ಒಮ್ಮೆ ನೋಡಿದ್ರು. ಏನೂ ಬೈಲಿಲ್ಲ. ಬೈದಿದ್ರೇ ವಾಸಿ ಇತ್ತು.

ವಿಷಯ ಏನಂದ್ರೆ, ಅಪ್ಪ ನಿವೃತ್ತರಾದಾಗ ಬಂದ ದುಡ್ಡಿನಲ್ಲಿ ಕಾರು ತಗೊಂಡ್ರು. ಮಾಮೂಲಿ ಪೆಟ್ರೋಲ್ ಗಾಡಿ ಸಾಕು ಅಂತ ಅವರು ಅಂದ್ರೆ, "ಇಲ್ಲ ಅಪ್ಪ, ಹೈಬ್ರಿಡ್ ತಗೊಳ್ಳಿ, ಲೀಟರಿಗೆ 28 ಕೊಡುತ್ತೆ" ಅಂತ ಎಕ್ಸೆಲ್ ಹಾಳೆ ಮಾಡಿ ತೋರಿಸಿ ಎರಡೂವರೆ ಲಕ್ಷ ಹೆಚ್ಚು ಕೊಡಿಸಿದವನು ನಾನು. ಇಂಜಿನಿಯರ್ ಮಗ ಹೇಳಿದ ಅಂತ ಅವರೂ ಒಪ್ಪಿದ್ರು. ಈಗ ಒಂದು ವರ್ಷದಿಂದ ಪುಸ್ತಕದಲ್ಲಿ 14, 15, ತಪ್ಪಿದರೆ 16. ಕಾರಿನಲ್ಲಿ ಏನೂ ದೋಷವಿಲ್ಲ, ಎರಡು ಸಲ ತೋರಿಸಿಯಾಯ್ತು. ಹಾಗಾದ್ರೆ ತಪ್ಪಿದ್ದೆಲ್ಲಿ ಅಂತ ಕೆದಕುತ್ತಾ ಹೋದವನು ಎಲ್ಲೆಲ್ಲೋ ಹೋಗಿಬಿಟ್ಟೆ. ಆ ತಿರುಗಾಟವೇ ಈ ಬರಹ.

ಮೊದಲು ನಮ್ಮ ನೆಲದ ವಿಷಯ. ಬೆಂಗಳೂರನ್ನ ಬೆಟ್ಟದ ಊರು ಅಂತ ಯಾರೂ ಕರೆಯೋಲ್ಲ, ಮಡಿಕೇರಿಯವರು ಕೇಳಿದ್ರೆ ನಕ್ಕಾರು. ಆದ್ರೆ ಈ ಊರು ಕೂತಿರೋದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಒಂದು ಏಣಿನ ಬೆನ್ನ ಮೇಲೆ. ಏಣಿನ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿ, ಅರ್ಕಾವತಿ ಅಂತ ಕಾವೇರಿ ಸೇರುತ್ತೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಎಲ್ಲ ಇರೋದು ಈ ವೃಷಭಾವತಿಯ ಕಣಿವೆಗೆ ಇಳಿಯುವ ಮಗ್ಗುಲಲ್ಲಿ. ನಾವು ಮೂಗು ಮುಚ್ಚಿಕೊಂಡು ದಾಟುವ ಆ ಮೋರಿ ನಿಜಕ್ಕೂ ಒಂದು ನದಿ, ಅದಕ್ಕೊಂದು ಕಣಿವೆ ಇದೆ ಅನ್ನೋದನ್ನ ನಮ್ಮ ಕಾಲುಗಳು ನೆನಪಿಟ್ಟಿವೆ, ತಲೆ ಮರೆತಿದೆ.

ರಾಜಾಜಿನಗರ ಶುರುವಾದದ್ದು 1949ರಲ್ಲಿ, ರಾಜಾಜಿ ಗವರ್ನರ್ ಜನರಲ್ ಆಗಿದ್ದಾಗ. ಊರು ಬೆಳೆಸೋ ಕೆಲಸ ಆಗ ಸಿಐಟಿಬಿಯದು (1945ರಲ್ಲಿ ಹುಟ್ಟಿದ ಈ ಮಂಡಳಿಯ ಜಾಗಕ್ಕೆ 1976ರಲ್ಲಿ ಬಿಡಿಎ ಬಂತು). ಇವರು ಏರು ತಗ್ಗು ಹೆಚ್ಚೇನೂ ನೋಡದೆ ಮೇನು, ಕ್ರಾಸು ಅಂತ ಚೌಕಳಿ ಗೆರೆ ಎಳೆದುಬಿಟ್ಟರು. ಘಾಟಿಯ ರಸ್ತೆ ಬೆಟ್ಟವನ್ನ ಬಳಸಿಕೊಂಡು ಹತ್ತುತ್ತೆ, ನಮ್ಮ ಕ್ರಾಸುಗಳು ನೇರ ಎದೆಗೇ ಹತ್ತುತ್ತವೆ. ಬಸವೇಶ್ವರನಗರದಲ್ಲಿ ಸೈಕಲ್ ಕಲಿತವರಿಗೆ ಇದನ್ನ ವಿವರಿಸಬೇಕಿಲ್ಲ :)

ಈ ಏರು ತಗ್ಗಿನ ಮೇಲೆ ಇಂಧನ ಉಳಿಸೋ ಪಾಡು ಹೊಸದಲ್ಲ. ನಮ್ಮ ತಾತ ಮಾಗಡಿ ಕಡೆಯವರು. ಅವರು ಹುಡುಗನಾಗಿದ್ದಾಗ ಎರಡನೇ ಮಹಾಯುದ್ಧ. ಪೆಟ್ರೋಲಿಗೆ ರೇಷನ್ ಬಂದು, ಮೈಸೂರು ಸೀಮೆಯ ಬಸ್ಸುಗಳು ಇದ್ದಿಲಿನಲ್ಲಿ ಓಡತೊಡಗಿದವು. ಬಸ್ಸಿನ ಹಿಂದೆ ಒಂದು ಡ್ರಮ್ಮಿನಂಥ ಒಲೆ. ಅದಕ್ಕೆ ಇದ್ದಿಲು ತುಂಬಿ, ಗಾಳಿ ಸಾಲದಂತೆ ಉರಿಸಿದ್ರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದನ್ನ ಸೋಸಿ, ತಣಿಸಿ, ಪೆಟ್ರೋಲಿನ ಬದಲು ಇಂಜಿನ್ನಿಗೆ ಕೊಡೋದು. ಯುರೋಪಿನಲ್ಲಿ ಜಾರ್ಜ್ ಇಂಬರ್ಟ್ ಎಂಬಾತ 1920ರ ದಶಕದಲ್ಲಿ ಸೌದೆಯಿಂದಲೇ ಹೀಗೆ ಅನಿಲ ತೆಗೆಯೋ ಯಂತ್ರವನ್ನ ಹದಕ್ಕೆ ತಂದಿದ್ದ, ಯುದ್ಧ ಬಂದಾಗ ಜಗತ್ತೆಲ್ಲ ಈ ದಾರಿ ಹಿಡೀತು.

ತಾತ ಹೇಳ್ತಿದ್ದದ್ದು ಹೀಗೆ. ಬಸ್ಸು ಹೊರಡೋಕೆ ಅರ್ಧ ಗಂಟೆ ಮುಂಚೆಯೇ ಕ್ಲೀನರ್ ಬಂದು ಒಲೆಗೆ ಬೆಂಕಿ ಹಾಕಿ, ಹಿಡಿ ತಿರುಗಿಸಿ ಗಾಳಿ ಊದಬೇಕು. ಅನಿಲ ಹದಕ್ಕೆ ಬಂದ ಮೇಲೇ ಡ್ರೈವರ್ ಸಾಹೇಬರ ಆಗಮನ. ಪೆಟ್ರೋಲಿಗೆ ಹೋಲಿಸಿದ್ರೆ ಇಂಜಿನ್ನಿನ ಶಕ್ತಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಮ್ಮಿಯಾಗ್ತಿತ್ತು, ಹಾಗಾಗಿ ಏರು ಬಂತು ಅಂದ್ರೆ "ಗಂಡಸರೆಲ್ಲ ಇಳೀರಪ್ಪಾ" ಅಂತ ಕೂಗು. ಹೆಂಗಸರು, ಮುದುಕರು, ಕೋಳಿಗಳು ಮಾತ್ರ ಒಳಗೆ. ಟಿಕೆಟ್ ಕೊಟ್ಟು ನಡೆಯೋದಲ್ಲದೆ ತಳ್ಳಲೂಬೇಕು! ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಡ್ತಿದ್ದರಂತೆ.

ಆ ಕತೆಯನ್ನ ಚಿಕ್ಕವನಿದ್ದಾಗ ತಮಾಷೆಗೆ ಕೇಳಿದ್ದೆ. ಈಗ ಅಪ್ಪನ ಪುಸ್ತಕ ಮುಂದಿಟ್ಟುಕೊಂಡು ಕೂತಾಗ ಅದರಲ್ಲಿ ನನಗೆ ಬೇಕಾದ್ದು ಇತ್ತು ಅನ್ನಿಸ್ತು. ಇದ್ದಿಲ ಬಸ್ಸು ಮಾಗಡಿಯಿಂದ ಬೆಂಗಳೂರಿಗೆ ಹೋಗಲು ಸರಿ, ಪಕ್ಕದ ಬೀದಿಗೆ ಹೋಗಲು ಅಲ್ಲ. ಹತ್ತು ಮೈಲಿ ಹೋಗಿ, ಅರ್ಧ ಮೈಲಿ ಹೋಗಿ, ಒಲೆ ಹೊತ್ತಿಸೋ ಖರ್ಚು ಒಂದೇ. ಅದನ್ನ ಮನಸ್ಸಿನಲ್ಲಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಹೈಬ್ರಿಡ್ ಅನ್ನೋದು ಇದ್ದಿಲ ಬಸ್ಸಿಗಿಂತ ಹಳೆಯದು. 1900ರಲ್ಲೇ ಫರ್ಡಿನಾಂಡ್ ಪೋರ್ಷೆ (ಹೌದು, ಅದೇ ಪೋರ್ಷೆ) ವಿಯೆನ್ನಾದ ಲೋನರ್ ಕಂಪನಿಯಲ್ಲಿ ಪೆಟ್ರೋಲ್ ಇಂಜಿನ್ನಿನಿಂದ ವಿದ್ಯುತ್ ಮಾಡಿ, ಚಕ್ರದೊಳಗಿನ ಮೋಟಾರ್ ತಿರುಗಿಸುವ ಗಾಡಿ ಮಾಡಿದ್ದ. ಭಾರ, ಬೆಲೆ ಎರಡೂ ಜಾಸ್ತಿ. ಪೆಟ್ರೋಲ್ ಅಗ್ಗವಾಗಿದ್ದಷ್ಟು ದಿನ ಯಾರಿಗೂ ಬೇಕಾಗಲಿಲ್ಲ. 1997ರ ಡಿಸೆಂಬರಿನಲ್ಲಿ ಟೊಯೊಟಾ ಜಪಾನಿನಲ್ಲಿ ಪ್ರಿಯಸ್ ಮಾರಲು ಶುರು ಮಾಡಿದಾಗಲೇ ಇದು ಮನೆಮಂದಿಯ ಕಾರಾದದ್ದು. ಅದೇ 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿ ಬಿಡದಿಗೆ ಬಂತು. ನಮ್ಮ ವೃಷಭಾವತಿ ಕೆಂಗೇರಿ ದಾಟಿ, ಮೈಸೂರು ರಸ್ತೆಯ ಜೊತೆಜೊತೆಗೇ ಇಳಿದು, ಬಿಡದಿ ಹತ್ತಿರದ ಭೈರಮಂಗಲ ಕೆರೆಗೆ ಸೇರುತ್ತೆ. ಅಂದ್ರೆ ರಾಜಾಜಿನಗರದಲ್ಲಿ ಬಿದ್ದ ಮಳೆ ಹನಿ ಹರಿದು ಹೋಗೋದು ಹೈಬ್ರಿಡ್ ಕಾರು ಮಾಡೋ ಊರಿಗೇ! (ಹೋಗುವಾಗ ಏನೇನು ಹೊತ್ತುಕೊಂಡು ಹೋಗುತ್ತೆ ಅನ್ನೋದು ಬೇರೆ ಮಾತು. ಅಲ್ಲಿಯ ರೈತರು ಆ ನೊರೆ ನೋಡಿ ನಮ್ಮನ್ನ ಶಪಿಸೋದರಲ್ಲಿ ತಪ್ಪಿಲ್ಲ.)

ಆದ್ರೆ ಬ್ರೇಕಿನಿಂದ ಕರೆಂಟು ವಾಪಸ್ ಪಡೆಯೋ ವಿದ್ಯೆ ನಮ್ಮೂರ ಕಾರಿಗೆ ಬಂದದ್ದು ಬಿಡದಿಯಿಂದಲ್ಲ, ಬೊಮ್ಮಸಂದ್ರದಿಂದ. 2001ರಲ್ಲಿ ಬಂದ ರೇವಾ ನೆನಪಿದೆಯಾ? ಅದು ಹೈಬ್ರಿಡ್ ಅಲ್ಲ, ಪೂರ್ತಿ ಎಲೆಕ್ಟ್ರಿಕ್. ಅದನ್ನ ಮಾಡಿದ ಚೇತನ್ ಮೈನಿ ಅಮೆರಿಕದಲ್ಲಿ ಓದುವಾಗ 1990ರ ಸೌರ ಕಾರು ಪಂದ್ಯ ಗೆದ್ದ ಮಿಚಿಗನ್ ವಿಶ್ವವಿದ್ಯಾಲಯದ ತಂಡದಲ್ಲಿದ್ದವರು. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ 80 ಕಿಲೋಮೀಟರ್ ಅನ್ನೋ ಮಾತು, ಹಿಂದೆ ಮಕ್ಕಳು ಮಾತ್ರ ಕೂರಬಹುದಾದ ಸೀಟು. ಲಂಡನ್ನಿನಲ್ಲಿ ಜಿ-ವಿಜ್ ಅಂತ ಮಾರಾಟವಾಯ್ತು. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರಾ ಪಾಲಾಯ್ತು. ನಮ್ಮ ರಸ್ತೆಯಲ್ಲಿ ಒಬ್ಬ ಡಾಕ್ಟರ ಹತ್ತಿರ ಒಂದಿತ್ತು. ನಾವು ಹುಡುಗರು ಅದನ್ನ ನೋಡಿ "ಡಬ್ಬಿ" ಅಂತ ನಗ್ತಿದ್ವಿ. ಈಗ ಯೋಚಿಸಿದ್ರೆ, ದಿನಕ್ಕೆ ಮೂರು ನಾಲ್ಕು ಸಲ ಕ್ಲಿನಿಕ್ಕಿಗೆ ಹೋಗಿ ಬರೋ ಆ ಡಾಕ್ಟರು ನಮ್ಮೆಲ್ಲರಿಗಿಂತ ಬುದ್ಧಿವಂತರಾಗಿದ್ದರು. ಒಲೆ ಹೊತ್ತಿಸೋ ಖರ್ಚೇ ಇಲ್ಲದ ಗಾಡಿ ಅದು.

ಹೈಬ್ರಿಡ್ ಕಾರುಗಳು ಇಲ್ಲಿಗೆ ಬಂದದ್ದು ಅದಾದ ಮೇಲೆ. 2008ರಲ್ಲಿ ಹೊಂಡಾ ಸಿವಿಕ್ ಹೈಬ್ರಿಡ್, ಸುಮಾರು 21 ಲಕ್ಷ. 2010ರಲ್ಲಿ ಪ್ರಿಯಸ್. ಎರಡೂ ಆಮದು, ಎರಡನ್ನೂ ಕೊಂಡವರು ಬೆರಳೆಣಿಕೆ. 2013ರಲ್ಲಿ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಿಸತೊಡಗಿದರು, ಆದ್ರೂ ಅದು 30 ಲಕ್ಷದ ಆಸುಪಾಸು. ನಡುವೆ ಸರ್ಕಾರದ ಆಟ ಬೇರೆ. 2015ರ ಫೇಮ್ ಯೋಜನೆಯಲ್ಲಿ ಹೆಸರಿಗಷ್ಟೇ ಹೈಬ್ರಿಡ್ ಆದ ಗಾಡಿಗಳಿಗೂ ಸಬ್ಸಿಡಿ ಕೊಟ್ಟು, 2017ರಲ್ಲಿ ಅವಕ್ಕೆ ನಿಲ್ಲಿಸಿ, ಆ ಜುಲೈಯ ಜಿಎಸ್‌ಟಿಯಲ್ಲಿ ಹೈಬ್ರಿಡ್‌ಗಳನ್ನ ಐಷಾರಾಮಿ ಕಾರುಗಳ ಸಾಲಿಗೆ ಸೇರಿಸಿ ಸೆಸ್ ಸೇರಿ 43 ಪರ್ಸೆಂಟ್ ಹಾಕಿದರು. ಮಧ್ಯಮವರ್ಗದ ಮನೆ ಬಾಗಿಲಿಗೆ ಹೈಬ್ರಿಡ್ ಬಂದದ್ದು 2022ರಲ್ಲಿ, ಬಿಡದಿಯಿಂದ ಹೈರೈಡರ್, ಗ್ರ್ಯಾಂಡ್ ವಿಟಾರಾ ಹೊರಬಂದಾಗ. ಜಾಹೀರಾತಿನ ಮೈಲೇಜ್ 27.97. ತಮಾಷೆ ಅಂದ್ರೆ 1997ರ ಮೊದಲ ಪ್ರಿಯಸ್‌ಗೂ ಜಪಾನಿನ ಪರೀಕ್ಷೆಯಲ್ಲಿ ಸಿಕ್ಕದ್ದು 28!

ಈ 28 ಅನ್ನೋದು ಎಲ್ಲಿಂದ ಬರುತ್ತೆ? ರಸ್ತೆಯಿಂದ ಅಲ್ಲ, ರೋಲರಿನಿಂದ. ಲ್ಯಾಬಿನಲ್ಲಿ ಕಾರಿನ ಚಕ್ರಗಳನ್ನ ರೋಲರ್ ಮೇಲಿಟ್ಟು, ಸುಮಾರು 20 ನಿಮಿಷ, 10 ಕಿಲೋಮೀಟರಿನಷ್ಟು ಓಡಿಸ್ತಾರೆ. ಅದರಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಇಂಜಿನ್ ಬಿಸಿಯಾಗೋ ಖರ್ಚು ಆ 10 ಕಿಲೋಮೀಟರಿಗೆ ಹಂಚಿಹೋಗುತ್ತೆ. ನಮ್ಮಪ್ಪ ಹೋಗೋದು ಎರಡೂವರೆ ಕಿಲೋಮೀಟರ್: ವಿಜಯನಗರದ ಮಾರ್ಕೆಟ್ಟು, ದೇವಸ್ಥಾನ, ಅಕ್ಕನ ಮನೆ. ಒಂದೊಂದರ ನಡುವೆ ಮೂರು ನಾಲ್ಕು ಗಂಟೆ ಗಾಡಿ ನಿಂತು ತಣ್ಣಗಾಗಿರುತ್ತೆ.

ಹೈಬ್ರಿಡ್ ಅಂದ್ರೆ ಬ್ಯಾಟರಿ ಇರುವಷ್ಟು ಹೊತ್ತು ಇಂಜಿನ್ ಮಲಗಿರುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರು ಮಾಡೋದು 250-300 ಡಿಗ್ರಿಗೆ ಬಿಸಿಯಾದ ಮೇಲೆ. ಹಾಗಾಗಿ ತಣ್ಣಗಿರುವ ಗಾಡಿ ಹೊರಟ ಸ್ವಲ್ಪ ಹೊತ್ತಿಗೆಲ್ಲ, ಬ್ಯಾಟರಿ ತುಂಬಿದ್ರೂ, ಇಂಜಿನ್ ಎದ್ದು ತನ್ನನ್ನೂ ಅದನ್ನೂ ಬಿಸಿ ಮಾಡಿಕೊಳ್ಳುತ್ತೆ. ನಮ್ಮ ಗಾಡಿಯ ಪರದೆಯಲ್ಲಿ ಮೊದಲ ಕಿಲೋಮೀಟರಿಗೆ 8-9 ತೋರಿಸುತ್ತೆ. ಬಿಸಿಯಾಗಿ ಇನ್ನೇನು ಹೈಬ್ರಿಡ್ಡಿನ ಚಮತ್ಕಾರ ಶುರುವಾಗಬೇಕು, ಅಷ್ಟರಲ್ಲಿ ಮಾರ್ಕೆಟ್ ಬಂದಿರುತ್ತೆ. ಕ್ಲೀನರ್ ಅರ್ಧ ಗಂಟೆ ಒಲೆ ಊದಿ, ಬಸ್ಸು ಮುಂದಿನ ತಿರುವಿಗೇ ನಿಂತ ಹಾಗೆ.

ಇನ್ನು ದಿಣ್ಣೆ. ಇಳಿಜಾರಿನಲ್ಲಿ ಬ್ಯಾಟರಿ ತುಂಬುತ್ತಲ್ಲ, ಅದು ಲಾಭ ತಾನೇ? ಲೆಕ್ಕ ಹಾಕಿದೆ. ಗಾಡಿ, ಅಪ್ಪ, ಅಮ್ಮ ಸೇರಿ 1400 ಕೆಜಿ. 30 ಮೀಟರ್ ಎತ್ತರ ಹತ್ತೋಕೆ ಬೇಕಾದ ಶಕ್ತಿ 1400 × 9.8 × 30, ಅಂದ್ರೆ ಸುಮಾರು 4.1 ಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೂಲ್ ಇದ್ದು, ತಣ್ಣಗಿನ ಇಂಜಿನ್ ಅದರಲ್ಲಿ ಕಾಲು ಭಾಗ ಚಕ್ರಕ್ಕೆ ಮುಟ್ಟಿಸಿತು ಅಂತ ಧಾರಾಳವಾಗಿಯೇ ಇಟ್ಟುಕೊಂಡರೂ, ಆ ಏರಿಗೆ 50 ಮಿಲಿಲೀಟರ್. ಅದೇ ದಿಣ್ಣೆಯನ್ನ ಒಂದು ಕಿಲೋಮೀಟರ್ ಇಳಿದರೆ ಟೈರಿನ ತಿಕ್ಕಾಟಕ್ಕೆ, ಗಾಳಿಗೆ ಹೋಗಿ ಮಿಗೋದು ಎರಡೂವರೆ ಲಕ್ಷ ಜೂಲ್. ಬ್ಯಾಟರಿಗೆ ಹೋಗಿ ಮತ್ತೆ ಚಕ್ರಕ್ಕೆ ಬರೋವಾಗ ಅದರಲ್ಲಿ 60 ಪರ್ಸೆಂಟ್ ಉಳೀತು ಅನ್ನಿ. ಪೆಟ್ರೋಲಿನ ಲೆಕ್ಕದಲ್ಲಿ 19 ಮಿಲಿಲೀಟರ್. ಸುಮಾರು ಎರಡು ರೂಪಾಯಿ. ಒಂದು ಬಾಳೆಹಣ್ಣೂ ಬರೋಲ್ಲ!

(ಅಂದ ಹಾಗೆ ನಮ್ಮ ಆಟೋದವರು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡ್ತಾರಲ್ಲ, ಅದು ತಾತನ ಕಾಲದ ಬಸ್ಸಿನ ವಿದ್ಯೆಯೇ. ಹಳೇ ಕಾರ್ಬುರೇಟರ್ ಗಾಡಿಗೆ ನಾಲ್ಕು ಕಾಸು ಉಳೀತಿತ್ತೇನೋ. ಈಗಿನ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ತಾನೇ ನಿಲ್ಲುತ್ತೆ. ಕಾರಿನವರು ಆಫ್ ಮಾಡಿ ಬ್ರೇಕು, ಸ್ಟೀರಿಂಗ್ ಬಿಗಿಯಾಗಿಸಿಕೊಂಡು ಮೋರಿಗೆ ಬೀಳಬೇಡಿ.)

ಈಗ ನನ್ನ ತಪ್ಪು. ನನ್ನ ಎಕ್ಸೆಲ್ ಹಾಳೆಯಲ್ಲಿ ತಿಂಗಳಿಗೆ 1000 ಕಿಲೋಮೀಟರ್ ಅಂತ ಹಾಕಿದ್ದೆ. ಅಪ್ಪ ಕೆಂಗೇರಿ ಆಚೆ ಕುಂಬಳಗೋಡಿನ ಕಾರ್ಖಾನೆಗೆ ದಿನಾ ಹೋಗಿ ಬರ್ತಿದ್ದಾಗಿನ ಲೆಕ್ಕ ಅದು. ನಿವೃತ್ತಿಯ ದುಡ್ಡಿನಲ್ಲಿ ಕಾರು ಕೊಡಿಸುತ್ತಾ, ನಿವೃತ್ತರು ಕೆಲಸಕ್ಕೆ ಹೋಗೋಲ್ಲ ಅನ್ನೋದನ್ನೇ ಮರೆತಿದ್ದೆ! ನನ್ನ ಹಾಳೆಯ ಪ್ರಕಾರ ವರ್ಷಕ್ಕೆ 24,000 ರೂಪಾಯಿ ಉಳಿದು, ಹೆಚ್ಚು ಕೊಟ್ಟದ್ದು ಹತ್ತು ವರ್ಷದಲ್ಲಿ ವಾಪಸ್. ನಿಜಕ್ಕೆ ಓಡೋದು ತಿಂಗಳಿಗೆ 250. ಹಳೇ ಪೆಟ್ರೋಲ್ ಗಾಡಿ ಇವೇ ಓಡಾಟಗಳಿಗೆ ಹತ್ತೂವರೆ ಕೊಡ್ತಿತ್ತು ಅಂತ ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿದೆ. ಅಂದ್ರೆ ಹೈಬ್ರಿಡ್ ಈಗಲೂ ವಾಸಿಯೇ, ಆದ್ರೆ ಉಳಿಯೋದು ವರ್ಷಕ್ಕೆ 8,500ರ ಸುಮಾರು. ಎರಡೂವರೆ ಲಕ್ಷ ವಾಪಸ್ ಬರೋಕೆ 29 ವರ್ಷ. ಅಪ್ಪನಿಗೆ ಈಗ 61.

ಇದನ್ನೆಲ್ಲ ಮೊನ್ನೆ ಶನಿವಾರ ರಾತ್ರಿ ಅವರ ಮುಂದೆ ಕೂತು ಒಪ್ಪಿಸಿದೆ. ತಪ್ಪಾಯ್ತು ಅಂತಲೂ ಅಂದೆ. ಅವರು 29 ವರ್ಷ ಅನ್ನೋದನ್ನ ಮಾತ್ರ ಎರಡನೇ ಸಲ ಕೇಳಿಸಿಕೊಂಡು, "ನಾಳೆ ತಟ್ಟೆ ಇಡ್ಲಿ ತಿನ್ನೋಕೆ ಬಿಡದಿಗೆ ಹೋಗೋಣ" ಅಂದ್ರು.

ಬೆಳಿಗ್ಗೆ ಏಳಕ್ಕೆ ಹೊರಟ್ವಿ. ವೃಷಭಾವತಿಯ ಜೊತೆ ಇಳಿಯುತ್ತಾ, ಕೆಂಗೇರಿಯ ಟ್ರಾಫಿಕ್ಕಿನಲ್ಲಿ ತೆವಳುತ್ತಾ, ಇಂಜಿನ್ ಮಲಗಿ ಏಳುತ್ತಾ ಬಿಡದಿ ಮುಟ್ಟೋ ಹೊತ್ತಿಗೆ ಪರದೆಯಲ್ಲಿ 27.1. ವಾಪಸ್ ಏರುವಾಗ 21.4. ಅಪ್ಪ ಮನೆಗೆ ಬಂದು ಎರಡನ್ನೂ ಪುಸ್ತಕದಲ್ಲಿ ಬರೆದು, ಪೆನ್ನಿನ ಮುಚ್ಚಳ ಹಾಕಿ, "ಹಾಗಾದ್ರೆ ವಾರಕ್ಕೊಂದು ಸಲ ಬಿಡದಿ, ಮಾರ್ಕೆಟ್ಟಿಗೆ ನಡೆದೇ ಹೋಗೋದು, ಅಷ್ಟೇ ತಾನೇ? ಇಡ್ಲಿ ದುಡ್ಡು ನಿಂದು" ಅಂದ್ರು.